ವ್ಯಾನಿನೊಳಗೆ ನೀರಿನ ಟ್ಯಾಂಕ್: ಬೆಲ್ಟೋ, ಬೋಲ್ಟ್ ಹಾಕಿದ ಫ್ರೇಮೋ?

ಕಾರು ತೊಳೆಯುವ ವ್ಯಾನಿಗೆ 500 ಲೀಟರ್ ಟ್ಯಾಂಕ್ ಇಡುತ್ತೀರಾ? ನೀರೇ 500 ಕೆಜಿ. ಜೋರಾಗಿ ಬ್ರೇಕ್ ಒತ್ತಿದರೆ ಸುಮಾರು 400 ಕೆಜಿ ತೂಕದಷ್ಟು ಬಲ ಡ್ರೈವರ್ ಬೆನ್ನಿನ ಕಡೆ ನುಗ್ಗುತ್ತದೆ.

ರಾಚೆಟ್ ಬೆಲ್ಟ್ (ಹಿಡಿ ಆಡಿಸಿ ಬಿಗಿ ಮಾಡುವ ಪಟ್ಟಿ) ಅಗ್ಗ, ಬೇಕಾದಾಗ ಬಿಚ್ಚಬಹುದು. ಆದರೆ ಪ್ಲಾಸ್ಟಿಕ್ ಟ್ಯಾಂಕ್ ಬಾಗುತ್ತದೆ, ಬೆಲ್ಟ್ ಸಡಿಲವಾಗುತ್ತದೆ. ದಿನಾ ಬಿಗಿ ಮಾಡಬೇಕು. ಖಾಲಿ ಟ್ಯಾಂಕ್ ಸಾಗಿಸಲು ಸಾಕು, ಅಷ್ಟೇ.

ಕಬ್ಬಿಣದ ಫ್ರೇಮ್‌ಗೆ ಖರ್ಚು ಜಾಸ್ತಿ, ನೆಲಕ್ಕೆ ತೂತು ಕೊರೆಯಬೇಕು. ಆದರೂ ನನ್ನ ಆಯ್ಕೆ ಇದೇ. ಸುಮ್ನೆ ತಗಡಿಗೆ ಬೋಲ್ಟ್ ಹಾಕಿದರೆ ಕಿತ್ತು ಬರಬಹುದು. ಕೆಳಗಿನಿಂದ ದಪ್ಪ ಪ್ಲೇಟ್ ಕೊಟ್ಟು, ಸಾಧ್ಯವಾದರೆ ಚಾಸಿಗೇ (ವ್ಯಾನಿನ ತಳದ ಗಟ್ಟಿ ಚೌಕಟ್ಟಿಗೆ) ಸೇರಿಸಿ. ಕೊರೆಯುವ ಮೊದಲು ಇಂಧನದ ಟ್ಯಾಂಕ್, ಬ್ರೇಕ್ ಪೈಪ್ ಎಲ್ಲಿವೆ ನೋಡಿಕೊಳ್ಳಿ.

ಯಾವುದನ್ನೇ ಆರಿಸಿದರೂ ಅರ್ಧ ತುಂಬಿದ ನೀರು ತುಳುಕುತ್ತದೆ, ತಿರುವಿನಲ್ಲಿ ವ್ಯಾನನ್ನೇ ಎಳೆಯುತ್ತದೆ ಅಲ್ವಾ? ಹಾಗಾಗಿ ಒಳಗೆ ಅಡ್ಡಗೋಡೆಯಿರುವ ಟ್ಯಾಂಕನ್ನೇ ಕೊಳ್ಳಿ.