ಯಾವ ಮೈಕ್ ಕೇಳಿಸಿಕೊಳ್ಳುತ್ತಿದೆ? ಎರಡು ಮಳೆಗಾಲ ಕಂಡ ಯುಎಸ್‌ಬಿ ಮೈಕ್

ಕಣ್ಣು ಕಾಣದ ಮಕ್ಕಳಿಗಾಗಿ ಪಾಠ, ಕಥೆ ಓದಿ ರೆಕಾರ್ಡ್ ಮಾಡಿ ಕಳಿಸುತ್ತೇನೆ. ಅದಕ್ಕೆಂದೇ ನಾಲ್ಕು ಸಾವಿರದ ಆಸುಪಾಸಿನಲ್ಲಿ ಒಂದು ಯುಎಸ್‌ಬಿ ಕಂಡೆನ್ಸರ್ ಮೈಕ್ (ಸಣ್ಣ ಸದ್ದನ್ನೂ ಹಿಡಿಯುವಂಥದ್ದು) ತಗೊಂಡೆ. ಸಾಗರದ ನಮ್ಮ ಮನೆಯಲ್ಲಿ ಅದು ಎರಡು ಮಳೆಗಾಲ ಕಂಡಿದೆ. ಕಂಪನಿಯ ಹೆಸರು ಬೇಡ. ನನ್ನ ದೂರು ಒಂದು ಕಂಪನಿಯದ್ದಲ್ಲ.

ದನಿ ಮಾತ್ರ ಬಹಳ ಚೆನ್ನಾಗಿದೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ, ದನಿ ಇಳಿಯುವುದೂ ಅಲ್ಲೇ. ಲ್ಯಾಪ್‌ಟಾಪ್‌ನ ಮೈಕ್ ಗದ್ದಲ ತೆಗೆಯುವ ಭರದಲ್ಲಿ ಆ ಕೊನೆಯ ಪದವನ್ನೇ ನುಂಗಿಬಿಡುತ್ತಿತ್ತು. ಹುಡುಗ ಹೋದನೋ ಬಂದನೋ ಗೊತ್ತಾಗುತ್ತಿರಲಿಲ್ಲ. ಈಗ ‘ಹೋದ’ದ ಕೊನೆಯ ಉಸಿರೂ ಉಳಿಯುತ್ತದೆ. ಲ, ಳ ಬೇರೆ ಬೇರೆಯಾಗಿ ಕೇಳುತ್ತವೆ. ಕಿವಿಯಿಂದಲೇ ಕಾಗುಣಿತ ಕಲಿಯುವ ಮಗುವಿಗೆ ಇದು ಸಣ್ಣ ವಿಷಯವಲ್ಲ.

ಬೆಳಿಗ್ಗೆ ಪಕ್ಕದ ಮನೆಯ ಮಿಕ್ಸಿ ಶುರುವಾಗುವ ಮೊದಲು ಕೂರುತ್ತೇನೆ. ಫ್ಯಾನ್ ಆಫ್. ಬಾಗಿಲಿಗೆ ಹಳೆಯ ಕಂಬಳಿ. ಮೈಕ್ ಇರುವುದು ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ. ಮಲೆನಾಡಿನ ಥಂಡಿ ಕಂಡೆನ್ಸರ್ ಮೈಕ್‌ಗೆ ಆಗಿಬರುವುದಿಲ್ಲ, ಚಟಪಟ ಸದ್ದು ಬರತೊಡಗುತ್ತದೆ. ಮುಷ್ಟಿ ಕಟ್ಟಿ ಹೆಬ್ಬೆರಳು ಎತ್ತಿದರೆ ಎಷ್ಟಾಗುತ್ತದೋ, ಬಾಯಿಗೂ ಮೈಕ್‌ಗೂ ಅಷ್ಟು ದೂರ. ಬಾಯಿಯ ನೇರಕ್ಕಲ್ಲ, ಸ್ವಲ್ಪ ಓರೆಯಾಗಿ. ಇಲ್ಲದಿದ್ದರೆ ಪ, ಫ, ಭ ಬಂದಾಗಲೆಲ್ಲ ಉಸಿರು ‘ಧಬ್’ ಅಂತ ಬಡಿಯುತ್ತದೆ. ನನ್ನ ಮೈಕ್‌ಗೆ ಮಾತಾಡಬೇಕಾದ್ದು ಮುಂಬದಿಗೆ, ತುದಿಗಲ್ಲ. ದನಿ ಎಷ್ಟು ಜೋರಾಗಿ ಹಿಡಿಯಬೇಕೆಂದು ಹೊಂದಿಸುವ ಗೇನ್ ತಿರುಗಣೆಯನ್ನು ಅತಿ ಜೋರಿನ ಸಾಲಿಗೂ ರೆಕಾರ್ಡ್ ಮಾಡುವ ತಂತ್ರಾಂಶ ಆಡಾಸಿಟಿಯ ಮೀಟರ್ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲುವ ಹಾಗೆ ಇಡುತ್ತೇನೆ. ಆಮೇಲೆ ಮುಟ್ಟುವುದಿಲ್ಲ.

ಇನ್ನು ಬೇಸರದ ವಿಷಯ. ‘ಚುಚ್ಚಿ, ಮಾತಾಡಿ’ ಅನ್ನುತ್ತದೆ ಪೆಟ್ಟಿಗೆ. ಡ್ರೈವರ್ ತಂತ್ರಾಂಶ ಬೇಡ ಅನ್ನುವುದು ನಿಜ. ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲವೂ ಗುರುತಿಸುತ್ತವೆ. ಆದರೆ ಗುರುತಿಸಿದ ಮಾತ್ರಕ್ಕೆ ಅದರಿಂದಲೇ ರೆಕಾರ್ಡ್ ಆಗುತ್ತದೆ ಅಂತಲ್ಲ. ಲ್ಯಾಪ್‌ಟಾಪ್‌ನ ಒಳಗಿನ ಮೈಕ್ ಸುಮ್ಮನೆ ಕೆಲಸ ಮುಂದುವರಿಸುತ್ತದೆ, ಯಾರೂ ಹೇಳುವುದಿಲ್ಲ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಇನ್‌ಪುಟ್ ಬದಲಿಸಿದರೂ ಝೂಮ್ ತನ್ನದೇ ಬೇರೆ ಮೈಕ್ ಹಿಡಿದು ಕೂತಿರಬಹುದು. ಆಡಾಸಿಟಿ ತೆರೆದ ಮೇಲೆ ಮೈಕ್ ಚುಚ್ಚಿದರೆ ಕೆಲವೊಮ್ಮೆ ಪಟ್ಟಿಯಲ್ಲಿ ಕಾಣುವುದಿಲ್ಲ, ಆಗ ‘ರೀಸ್ಕ್ಯಾನ್ ಆಡಿಯೋ ಡಿವೈಸಸ್’ ಒತ್ತಬೇಕು. ಪ್ರೈವಸಿ ಸೆಟ್ಟಿಂಗ್‌ನಲ್ಲಿ ಮೈಕ್ರೋಫೋನ್ ಅನುಮತಿ ಮುಚ್ಚಿದ್ದರೆ ಎಲ್ಲಾ ಸರಿ ಇದ್ದಂತೆ ಕಂಡರೂ ಬರೀ ಮೌನ. ಕೆಲವೊಮ್ಮೆ ವಿಂಡೋಸ್ ಈ ಮೈಕ್ ಅನ್ನೇ ಸ್ಪೀಕರ್ ಅಂದುಕೊಳ್ಳುತ್ತದೆ, ಯಾಕಂದರೆ ಅದರಲ್ಲಿ ಇಯರ್‌ಫೋನ್ ಜಾಕ್ ಇದೆ. ಆಗ ಲ್ಯಾಪ್‌ಟಾಪ್ ಮೂಕ. ಔಟ್‌ಪುಟ್ ಬದಲಿಸಿದರೆ ಸರಿ.

ಆ ಜಾಕ್ ನನಗೆ ಬಹಳ ಇಷ್ಟ. ನನ್ನ ದನಿ ತಡವಿಲ್ಲದೆ ನನಗೇ ಕೇಳುತ್ತದೆ, ಪುಟ ತಿರುವಿದ ಸದ್ದು ಬಂದರೂ ಆಗಲೇ ಗೊತ್ತಾಗುತ್ತದೆ. ಆದರೆ ಅದನ್ನು ನಂಬಿ ಕೂರಬೇಡಿ. ಆ ದನಿ ಮೈಕ್‌ನಿಂದ ನೇರ ಕಿವಿಗೆ ಬರುತ್ತದೆ, ಕಂಪ್ಯೂಟರ್‌ಗೆ ಹೋಗಿ ಬರುವುದಿಲ್ಲ. ಮನೆಯಲ್ಲಿ ಬಿದ್ದಿರುವ ಕೆಲವು ಕೇಬಲ್‌ಗಳು ಚಾರ್ಜಿಂಗ್‌ಗೆ ಮಾತ್ರ, ಡೇಟಾ ತಂತಿಯೇ ಇರುವುದಿಲ್ಲ. ಅಂಥದ್ದು ಹಾಕಿದರೂ ನನ್ನ ಮೈಕ್‌ನ ದೀಪ ಉರಿಯುತ್ತದೆ, ಕಿವಿಗೆ ದನಿಯೂ ಬರುತ್ತದೆ. ಕಂಪ್ಯೂಟರ್‌ಗೆ ಮಾತ್ರ ಏನೂ ತಲುಪುವುದಿಲ್ಲ. ಮೈಕ್ ಕೆಟ್ಟಿದೆ ಅಂತ ವಾಪಸ್ ಕಳಿಸುವ ಮೊದಲು ಕೇಬಲ್ ಬದಲಿಸಿ ನೋಡಿ.

ಫೋನ್‌ನಲ್ಲಿ ಕಷ್ಟ ಇನ್ನೂ ಜಾಸ್ತಿ. ಆಂಡ್ರಾಯ್ಡ್ 5.0 ಬಂದಾಗಿನಿಂದ, ಅಂದರೆ 2014ರಿಂದ, ಯುಎಸ್‌ಬಿ ಆಡಿಯೋಗೆ ಬೆಂಬಲ ಇದೆ. ಆದರೆ ಕೆಲವು ಫೋನ್‌ಗಳಲ್ಲಿ ಒಟಿಜಿ (ಫೋನ್‌ಗೆ ಹೊರಗಿನ ಯುಎಸ್‌ಬಿ ಸಾಧನ ಜೋಡಿಸುವ ಸೌಲಭ್ಯ) ಅನ್ನು ನಾವೇ ಆನ್ ಮಾಡಬೇಕು, ಸ್ವಲ್ಪ ಹೊತ್ತು ಬಳಸದಿದ್ದರೆ ಅದು ತಾನಾಗಿ ಆಫ್ ಆಗುತ್ತದೆ. ನನ್ನದೂ ಅಂಥದ್ದೇ. ಕಾಫಿ ಕುಡಿದು ಬಂದು ಮುಂದಿನ ಅಧ್ಯಾಯ ಓದಿದೆ. ಇಡೀ ಅಧ್ಯಾಯ ಫೋನ್‌ನ ಸ್ವಂತ ಮೈಕ್‌ನಲ್ಲಿ ರೆಕಾರ್ಡ್ ಆಗಿತ್ತು, ಹೊರಗಿನ ಮಳೆಯ ಸಮೇತ. ಪರದೆಯ ಮೇಲೆ ಒಂದು ಸಣ್ಣ ಸೂಚನೆಯೂ ಇಲ್ಲ. ಇಷ್ಟು ದುಡ್ಡು ತಗೊಳ್ಳುವವರು, ಫೋನ್ ಮಾಡುವವರು, ಆ್ಯಪ್ ಬರೆಯುವವರು, ಯಾರಾದರೂ ಒಬ್ಬರು ‘ಈಗ ಕೇಳಿಸಿಕೊಳ್ಳುತ್ತಿರುವುದು ಈ ಮೈಕ್’ ಅಂತ ತೋರಿಸಬಾರದಾ? ಓದಿ ಒಣಗಿದ ಗಂಟಲಿಗೆ ಬೆಲೆ ಇಲ್ಲವಾ?

ಅದಕ್ಕೇ ಈಗ ಪ್ರತಿ ಸಲವೂ ಒಂದು ಪರೀಕ್ಷೆ. ರೆಕಾರ್ಡ್ ಒತ್ತಿ, ಮೈಕ್‌ನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಗೀರುತ್ತೇನೆ. ಆಮೇಲೆ ಫೋನ್‌ನ ಕೆಳತುದಿಯನ್ನು ಗೀರುತ್ತೇನೆ. ನಿಲ್ಲಿಸಿ, ಹಾಕಿ ಕೇಳುತ್ತೇನೆ. ಮೊದಲ ಗೀರು ಜೋರಾಗಿ, ಎರಡನೆಯದು ದೂರದಲ್ಲಿ ಕೇಳಿದರೆ ಸರಿ. ಉಲ್ಟಾ ಇದ್ದರೆ ಒಟಿಜಿ ನೋಡಬೇಕು. ಲ್ಯಾಪ್‌ಟಾಪ್‌ಗೂ ಇದೇ ಪರೀಕ್ಷೆ ಸಾಕು. ವಿಡಿಯೋ ಮಾಡುವವರು ಇದನ್ನು ತಪ್ಪಿಸಲೇಬಾರದು, ಎಷ್ಟೋ ಫೋನ್‌ಗಳ ಕ್ಯಾಮೆರಾ ಆ್ಯಪ್ ಹೊರಗಿನ ಮೈಕ್ ಅನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಓಪನ್ ಕ್ಯಾಮೆರಾ ಅನ್ನುವ ಆ್ಯಪ್‌ನಲ್ಲಿ ಮೈಕ್ ಆರಿಸುವ ಸೆಟ್ಟಿಂಗ್ ಇದೆ.

ಚಾರ್ಜರ್ ಹಾಕಿದಾಗ ‘ಗುಂಯ್’ ಅಂದರೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ. ಎರಡು ಪಿನ್ನಿನ ಅಡಾಪ್ಟರ್‌ಗೆ ಅರ್ತಿಂಗ್ ಇರುವುದಿಲ್ಲವಲ್ಲ, ನಮ್ಮ ಮನೆಯಲ್ಲಿ ಸದ್ದಿಗೆ ಕಾರಣ ಅದೇ ಆಗಿತ್ತು.

ಲ್ಯಾಪ್‌ಟಾಪ್ ಇದ್ದು, ದಿನಾ ಓದುವ, ಪಾಠ ಮಾಡುವ ಕೆಲಸ ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ. ಬರೀ ಫೋನ್ ಇರುವವರು ಇಷ್ಟು ಖರ್ಚು ಮಾಡಬೇಡಿ. ಟೈಪ್ ಸಿ ಕಾಲರ್ ಮೈಕ್ ಇನ್ನೂ ಅಗ್ಗಕ್ಕೆ ಸಿಗುತ್ತದೆ, ಅದು ಸಾಕು. ಲೈಟ್ನಿಂಗ್ ಪೋರ್ಟಿನ ಹಳೆಯ ಐಫೋನ್ ಆದರಂತೂ ಮೈಕ್ ಜಾಸ್ತಿ ಕರೆಂಟ್ ಕೇಳುತ್ತಿದೆ ಅಂತ ಫೋನ್ ಬೇಡ ಅನ್ನಬಹುದು, ಆಗ ಚಾರ್ಜರ್ ಚುಚ್ಚಲು ಜಾಗ ಇರುವ ಅಡಾಪ್ಟರ್‌ಗೆ ಬೇರೆ ದುಡ್ಡು. 2023ರಲ್ಲಿ ಐಫೋನ್ 15 ಟೈಪ್ ಸಿಗೆ ಬದಲಾದ ಮೇಲೆ ಆ ಅಡಾಪ್ಟರ್‌ನ ಖರ್ಚು ತಪ್ಪಿದೆ.