ಪೈಲ್ ಭಾರ ಪರೀಕ್ಷೆಗೆ ಕರೆಸಿದ ತಂಡ: ಅಳತೆಗೆ ಪೂರ್ಣ ಅಂಕ, ವರದಿಗೆ ಇಲ್ಲ

ಕಟ್ಟಡದ ಭಾರವನ್ನು ನೆಲದಾಳಕ್ಕೆ ಇಳಿಸುವ ಕಂಬಗಳಾದ ಪೈಲ್‌ಗಳ ಭಾರ ಪರೀಕ್ಷೆ ಮಾಡಿಕೊಡುವ ಸಂಸ್ಥೆಗಳಿಗೆ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಟನ್‌ವರೆಗೆ ಹೇರಬಲ್ಲಿರಿ? ಕಟ್ಟಡ ವಿನ್ಯಾಸಕಿಯಾದ ನಾನು ಕೇಳುವುದು ಬೇರೆ: ಪೈಲ್ ಎಷ್ಟು ಕುಸಿಯಿತು ಎಂಬುದನ್ನು ಯಾವುದರ ಮೇಲೆ ನಿಂತು ಅಳೆಯುತ್ತೀರಿ? ನಮ್ಮ ಬಹುಮಹಡಿ ಕಟ್ಟಡದ ಕೆಲಸಕ್ಕೆ ಈಚೆಗೆ ಬಂದ ತಂಡ ಅದಕ್ಕೆ ಕೆಲಸದಲ್ಲೇ ಉತ್ತರ ಕೊಟ್ಟಿತು.

ಪರೀಕ್ಷೆಗೆ ಆರಿಸಿದ್ದು 800 ಮಿ.ಮೀ. ವ್ಯಾಸದ, 20 ಮೀಟರ್ ಆಳದ, ಕೊರೆದು ಕಾಂಕ್ರೀಟ್ ತುಂಬಿದ ಪೈಲ್. ವಿನ್ಯಾಸದ ಭಾರ 200 ಟನ್, ಪರೀಕ್ಷೆಯ ಭಾರ ಅದರ ಒಂದೂವರೆ ಪಟ್ಟು. ಪೈಲ್‌ನ ಮೇಲೆ ಕಟ್ಟಿದ ವೇದಿಕೆಯ ತೂಕಕ್ಕೆ ಆತು ಹೈಡ್ರಾಲಿಕ್ ಜಾಕ್ ಪೈಲ್ ಅನ್ನು ಕೆಳಕ್ಕೆ ಒತ್ತುತ್ತದೆ. ಹಾಗೆ ಒತ್ತುವಾಗ ವೇದಿಕೆಯೇ ಮೇಲೆದ್ದುಬಿಡಬಾರದಲ್ಲ, ಹಾಗಾಗಿ ಪರೀಕ್ಷೆಯ ಭಾರಕ್ಕಿಂತ ಕಾಲು ಪಾಲು ಹೆಚ್ಚು, ಅಂದರೆ 375 ಟನ್ ಪೇರಿಸಿದರು. ಒಂದು ಘನ ಮೀಟರ್ ಕಾಂಕ್ರೀಟ್ ಬ್ಲಾಕ್ ಸುಮಾರು 2.4 ಟನ್ ತೂಗುತ್ತದೆ. ಅಂಥ ನೂರೈವತ್ತಕ್ಕೂ ಹೆಚ್ಚು ಬ್ಲಾಕ್‌ಗಳ ರಾಶಿ ಅದು. ಕ್ರೇನ್ ಒಂದು ಬದಿಗೆ ಇಟ್ಟಷ್ಟನ್ನೇ ಎದುರು ಬದಿಗೂ ಇಡುವಂತೆ ನೋಡಿಕೊಂಡರು. ಪೇರಿಸುವಾಗ ವೇದಿಕೆಯ ಅಡಿಗೆ ಯಾರನ್ನೂ ಬಿಡಲಿಲ್ಲ.

ನನಗೆ ಇಷ್ಟವಾದದ್ದು ರೆಫರೆನ್ಸ್ ಬೀಮ್‌ಗೆ ಅವರು ಕೊಟ್ಟ ಗಮನ. ಕುಸಿತ ತೋರಿಸುವ ಡಯಲ್ ಗೇಜ್‌ಗಳನ್ನು ಕಟ್ಟುವುದು ಈ ತೊಲೆಗೆ. ತೊಲೆ ಅಲುಗಿದರೆ ಗೇಜ್‌ಗೆ ಪೈಲ್ ಅಲುಗಿದಂತೆಯೇ ಕಾಣುತ್ತದೆ. ಅದರ ಆಧಾರದ ಗೂಟಗಳನ್ನು ಪೈಲ್‌ನಿಂದಲೂ ರಾಶಿಯ ಆಧಾರಗಳಿಂದಲೂ ದೂರದಲ್ಲಿ ನೆಟ್ಟರು. ಒಂದು ತುದಿಯನ್ನು ಬಿಗಿದು, ಇನ್ನೊಂದು ತುದಿ ಹಿಗ್ಗಲು ಕುಗ್ಗಲು ಅವಕಾಶವಿರುವಂತೆ ರೋಲರ್ ಮೇಲೆ ಕೂರಿಸಿದರು. ಮೇಲೆ ಟಾರ್ಪಾಲಿನ್ ಚಪ್ಪರ. ಇದು ಅತಿಯಾಯಿತು ಎನ್ನುವವರಿಗಾಗಿ ಒಂದು ಲೆಕ್ಕ: ಆರು ಮೀಟರ್ ಉದ್ದ, 150 ಮಿ.ಮೀ. ಎತ್ತರದ ಉಕ್ಕಿನ ತೊಲೆಯ ಮೇಲ್ಮೈ ತಳಕ್ಕಿಂತ ಐದು ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಅದರ ನಡುಭಾಗ ಸುಮಾರು 1.8 ಮಿ.ಮೀ. ಮೇಲಕ್ಕೆ ಬಾಗುತ್ತದೆ. ನಮ್ಮ ಪೈಲ್ 300 ಟನ್ ಹೊತ್ತು ಕುಸಿದದ್ದು ಒಟ್ಟು 6.2 ಮಿ.ಮೀ. ಬಿಸಿಲಿಗೆ ಬಿಟ್ಟ ತೊಲೆಯಿಂದ ಅಳೆದಿದ್ದರೆ ಆ ಅಂಕಿಯಲ್ಲಿ ಮಣ್ಣಿನ ಪಾಲೆಷ್ಟು, ಸೂರ್ಯನ ಪಾಲೆಷ್ಟು ಎಂದು ಹೇಳುವುದೇ ಸಾಧ್ಯವಿರಲಿಲ್ಲ.

ಜಾಕ್ ಮತ್ತು ರಾಶಿಯ ನಡುವೆ, ಬೀಳುವ ಭಾರವನ್ನು ನೇರವಾಗಿ ಅಳೆಯುವ ಲೋಡ್ ಸೆಲ್ ಇಟ್ಟಿದ್ದರು. ಹಲವರು ಪಂಪಿನ ಒತ್ತಡದ ಮಾಪಕವೊಂದನ್ನೇ ನಂಬಿ ಕೆಲಸ ಮುಗಿಸುತ್ತಾರೆ. ಇಲ್ಲಿ ಮಾಪಕದ ಲೆಕ್ಕದಲ್ಲಿ 300 ಟನ್ ಆದಾಗ ಸೆಲ್ 288 ತೋರಿಸುತ್ತಿತ್ತು. ಜಾಕ್‌ನೊಳಗಿನ ಘರ್ಷಣೆ ನುಂಗಿದ್ದು ಆ ಹನ್ನೆರಡು ಟನ್. ಹಿರಿಯ ತಂತ್ರಜ್ಞರು ನನ್ನನ್ನು ಕರೆದು ಎರಡೂ ಅಂಕಿಗಳನ್ನು ತೋರಿಸಿ, ಸೆಲ್ 300 ಮುಟ್ಟುವವರೆಗೆ ಪಂಪ್ ಮಾಡಿಸಿದರು. ಕೊನೆಯ ಹಂತದ ಭಾರವನ್ನು 24 ಗಂಟೆ ಹಿಡಿದಿಡುವಾಗಲೂ ಸೆಲ್ ನೋಡಿಯೇ ಒತ್ತಡ ಸರಿಪಡಿಸುತ್ತಿದ್ದರು. ಭಾರ ಇಳಿಸಿದ ಮೇಲೆ ಉಳಿದ ಕುಸಿತ 2.4 ಮಿ.ಮೀ. ಪೈಲ್ ತೇರ್ಗಡೆಯಾಯಿತು, ಅದರಲ್ಲಿ ಸಂಶಯವಿಲ್ಲ.

ಇಷ್ಟು ಅಚ್ಚುಕಟ್ಟಾಗಿ ಅಳೆದವರ ವರದಿ ನೋಡಿ ಬೇಸರವಾಯಿತು. ನಕ್ಷೆಯಲ್ಲಿ ಕುಸಿತದ ಅಕ್ಷವನ್ನು 100 ಮಿ.ಮೀ.ವರೆಗೆ ಎಳೆದಿದ್ದರಿಂದ ನಮ್ಮ 6.2 ಮಿ.ಮೀ. ಚಪ್ಪಟೆ ಗೆರೆಯಾಗಿ ಹೋಗಿತ್ತು. ರೇಖೆ ಎಲ್ಲಿ ಬಾಗತೊಡಗುತ್ತದೆ ಎಂದು ನೋಡಬೇಕಾದವರಿಗೆ ಅದರಿಂದ ಉಪಯೋಗವಿಲ್ಲ. ಮೂಲ ಅಂಕಿಗಳನ್ನು ಕೇಳಿದ ಮೇಲೆ ಕಳುಹಿಸಿದರು. ಲೋಡ್ ಸೆಲ್ ಸರಿಯಾಗಿ ಅಳೆಯುತ್ತದೆ ಎಂದು ತೋರಿಸುವ ಕ್ಯಾಲಿಬ್ರೇಶನ್ ಪ್ರಮಾಣಪತ್ರವನ್ನೂ ಕೇಳಿಯೇ ಪಡೆಯಬೇಕಾಯಿತು.

ಇದಕ್ಕಿಂತ ಗಂಭೀರವಾದದ್ದು ಕೊನೆಯ ಪುಟದ ಒಂದು ಸಾಲು: ‘ಪೈಲ್‌ನ ತುದಿ ಗಟ್ಟಿ ಬಂಡೆಯ ಮೇಲೆ ಕುಳಿತಿರುವುದು ದೃಢಪಟ್ಟಿದೆ.’ ಈ ಪರೀಕ್ಷೆಯಿಂದ ಅದು ದೃಢಪಡುವುದಿಲ್ಲ. ಪೈಲ್‌ನ ಮೈಗೂ ಮಣ್ಣಿಗೂ ನಡುವಿನ ಘರ್ಷಣೆ ಕೆಲವೇ ಮಿಲಿಮೀಟರ್ ಚಲನೆಗೆ ಪೂರ್ತಿ ಕೆಲಸಕ್ಕೆ ಬರುತ್ತದೆ. ತುದಿಯ ಪೂರ್ಣ ಬಲ ಹೊರಬರಲು ಅದಕ್ಕಿಂತ ಎಷ್ಟೋ ಹೆಚ್ಚು ಚಲನೆ ಬೇಕು. 6.2 ಮಿ.ಮೀ. ಕುಸಿತದಲ್ಲಿ ಭಾರದ ಬಹುಪಾಲನ್ನು ಮೈಯೇ ಹೊತ್ತಿರಬಹುದು, ಕೊರೆದ ಗುಂಡಿಯ ತಳದಲ್ಲಿ ಕೆಸರು ಉಳಿದಿದ್ದರೂ ಅದು ಬಯಲಾಗದಿರಬಹುದು. ತುದಿ ಹೊತ್ತದ್ದೆಷ್ಟು ಎಂದು ತಿಳಿಯಬೇಕಿದ್ದರೆ ಸರಳುಗಳ ಪಂಜರಕ್ಕೆ ಬೇರೆ ಬೇರೆ ಆಳದಲ್ಲಿ, ಹಿಗ್ಗು-ಕುಗ್ಗು ಅಳೆಯುವ ಸ್ಟ್ರೇನ್ ಗೇಜ್ ಕಟ್ಟಬೇಕು, ಇಲ್ಲವೇ 1980ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಓಸ್ಟರ್‌ಬರ್ಗ್ ರೂಪಿಸಿದ, ಒಳಗಿನಿಂದಲೇ ಮೇಲಕ್ಕೂ ಕೆಳಕ್ಕೂ ಒತ್ತುವ ಸೆಲ್‌ನಂಥದ್ದನ್ನು ಪೈಲ್‌ನೊಳಗೇ ಹುದುಗಿಸಬೇಕು. ಎರಡೂ ಕಾಂಕ್ರೀಟ್ ಸುರಿಯುವ ಮೊದಲೇ ಆಗಬೇಕಾದ ಕೆಲಸ. ಆ ಸಾಲನ್ನು ತೆಗೆಸಿದ ನಂತರವೇ ವರದಿಗೆ ಸಹಿ ಹಾಕಿದೆ.

ಉಳಿದ ಪೈಲ್‌ಗಳಿಗೆ ಸುತ್ತಿಗೆಯಿಂದ ತಟ್ಟಿ ನೋಡುವ ಪರೀಕ್ಷೆಯನ್ನೂ ಇದೇ ತಂಡ ಮಾಡಿತು. ಬೇಗ ಮುಗಿಯಿತು. ಬಿರುಕು, ಪೈಲ್‌ನ ಮೈ ಕಿರಿದಾದ ಜಾಗಗಳನ್ನು ಹುಡುಕಲು ಅದು ಸರಿ, ಭಾರ ಹೊರುವ ಶಕ್ತಿಯ ಬಗ್ಗೆ ಅದು ಏನೂ ಹೇಳುವುದಿಲ್ಲ ಎಂದು ಅವರೇ ಮೊದಲು ಸ್ಪಷ್ಟಪಡಿಸಿದ್ದು ಮೆಚ್ಚುಗೆಯಾಯಿತು.

ಇವರನ್ನು ಮತ್ತೆ ಕರೆಸುತ್ತೇನೆ. ಆದರೆ ಕ್ಯಾಲಿಬ್ರೇಶನ್ ಪತ್ರ ಜಾಕ್ ಅನ್ನು ಸ್ಥಳದಲ್ಲಿ ತಂದಿಳಿಸುವ ಮೊದಲೇ ನನ್ನ ಕೈ ಸೇರಬೇಕು, ಮೂಲ ಅಂಕಿಗಳು ವರದಿಯ ಜೊತೆಗೇ ಬರಬೇಕು, ಅಳೆಯದ ಸಂಗತಿಯ ಬಗ್ಗೆ ತೀರ್ಮಾನ ಬರೆಯಬಾರದು ಎಂದು ಒಪ್ಪಂದದಲ್ಲೇ ನಮೂದಿಸುತ್ತೇನೆ.