ಹಂಚಿಕೊಂಡ ಸವಾರಿ ಅಂಗಣವೋ, ಸ್ವಂತ ಹೊಲವೋ?

ವಿಜಯಪುರದ ಕಡೆ ಕುದುರೆ ಸಾಕುವವರ ಮುಂದೆ ಎರಡು ದಾರಿ. ನಾಲ್ಕು ಜನ ಸೇರಿ ಒಂದು ಸವಾರಿ ಅಂಗಣ ಹಂಚಿಕೊಳ್ಳುವುದು, ಇಲ್ಲವೇ ಸ್ವಂತ ಹೊಲದಲ್ಲೇ ಓಡಿಸುವುದು. ನಾನು ಎರಡನ್ನೂ ಮಾಡಿದ್ದೇನೆ.

ಹೊಲದಲ್ಲಿ ಜೀನು, ಲಗಾಮು, ಒಣಹುಲ್ಲು ಎಲ್ಲ ಕೈಗೆಟಕುವಷ್ಟು ಹತ್ತಿರ. ಆದರೆ ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಒಂದು ಸಲ ಗೊರಸು ಬಿರುಕಿನಲ್ಲಿ ಸಿಕ್ಕಿ ಕುದುರೆ ಮುಗ್ಗರಿಸಿತು, ನನ್ನ ಎದೆ ಧಸಕ್ಕೆಂದಿತು. ಮಳೆ ಬಿದ್ದರೆ ಬರೀ ಅಂಟು, ಜಾರಿಕೆ. ಸವಾರಿ ಬಂದ್.

ಹಂಚಿಕೊಂಡ ಅಂಗಣದ್ದು ಮರಳಿನ ನೆಲ, 40 ಮೀಟರ್ ಉದ್ದ, 20 ಮೀಟರ್ ಅಗಲ. ಕುದುರೆಯ ಕಾಲಿಗೆ ಹಿತ. ತೊಂದರೆ ಜಾಸ್ತಿ ಇದ್ದದ್ದು ಲಾಯದಲ್ಲಿ. ಜೀನಿನ ಕೋಣೆ ಆ ತುದಿಗೆ, ನನ್ನ ಪೆಟ್ಟಿಗೆ ಎಲ್ಲರ ಪೆಟ್ಟಿಗೆಗಳ ಅಡಿಗೆ. ಲಗಾಮು ಎಳೆದು ತೆಗೆಯುವಷ್ಟರಲ್ಲಿ ಬಿಸಿಲು ಏರಿರುತ್ತಿತ್ತು. ಒಣಹುಲ್ಲು ದೂರ ಇದ್ದರೆ ಒಳ್ಳೆಯದೇ, ಬೆಂಕಿಯ ಭಯ ಕಡಿಮೆ. ಜೀನು ಮಾತ್ರ ಹತ್ತಿರ ಬೇಕು.

ಆದರೂ ನಾನು ಅಂಗಣವನ್ನೇ ಆರಿಸುತ್ತೇನೆ. ಜೀನನ್ನು ಹೊತ್ತು ತರಬಹುದು, ಕುದುರೆಯ ಕಾಲು ಉಳುಕಿದರೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು, ಅಲ್ವಾ? ದುಡ್ಡು ಕೊಡುವ ಮುಂಚೆ ಒಂದು ಮಾತು ಕೇಳಿ: ಅಂಗಣದ ಬಾಗಿಲ ಪಕ್ಕ ನೆರಳಿರುವ ಗೋಡೆಗೆ ಜೀನು, ಲಗಾಮು ತೂಗುಹಾಕಲು ಎರಡು ಗೂಟ ಹೊಡೆಯಬಹುದಾ?